ಚಂದಯ್ಯ ಶೆಟ್ಟರ ಬೋಟ್ಸ್ವಾನಾ

ಬ್ರಹ್ಮಾವರದ ಚಂದಯ್ಯ ಶೆಟ್ಟರು ಯಾರಿಗೆ ಏನು ಕೊಟ್ಟರೂ, ಬಸ್ಸಿನ ಕಂಡಕ್ಟರಿಗೆ ಚಿಲ್ಲರೆಯಾಗಲಿ, ಅತಿಥಿಗೆ ಚಹಾದ ಲೋಟವಾಗಲಿ, ಬಲಗೈ ಚಾಚಿ, ಎಡಗೈಯಿಂದ ಅದರ ಮೊಣಕೈಯನ್ನು ಮೃದುವಾಗಿ ಆಧರಿಸಿ ಕೊಡುತ್ತಿದ್ದರು. ಕೈನೋವೆಂದು ಬಗೆದು ಎಣ್ಣೆಯ ಹೆಸರು ಹೇಳಿದವರೂ ಉಂಟು. ಅದು ಬೋಟ್ಸ್ವಾನಾದ ಮರ್ಯಾದೆ. ತೊಂಬತ್ತೇಳರಲ್ಲಿ ಅಲ್ಲಿನ ರಾಜಧಾನಿ ಗ್ಯಾಬರೋನಿಗೆ ಹೋಟೆಲಿನ ಅಡುಗೆಗೆಂದು ಹೋದ ಶೆಟ್ಟರು, ನಡುನಡುವೆ ಬಂದು ಮುಖ ತೋರಿಸಿದ್ದು ಬಿಟ್ಟರೆ, ಮರಳಿ ಊರು ಸೇರಿದ್ದು ತಲೆ ನರೆತ ಮೇಲೆ.

ಆಮೇಲೆ ಶುರುವಾಯಿತು ನೋಡಿ, ಭೂಗೋಳದ ಪಾಠ. ಮೀನು ಕೊಳ್ಳಲು ನಿಂತಲ್ಲೂ ಬಿಡರು.

"ಹ್ವಾಯ್, ಆ ದೇಶಕ್ಕೆ ಸಮುದ್ರವೇ ಇಲ್ಲೆ ಮಾರಾಯ್ರೆ. ಮೂರ್ ಕರ್ನಾಟಕದಷ್ಟ್ ಜಾಗ, ಜನ ಕಂಡ್ರೆ ನಮ್ಮ ಎರಡ್ ಜಿಲ್ಲೆಯಷ್ಟೂ ಇಲ್ಲೆ."

ನೆಲದ ಬಹುಪಾಲು ಕಲಹಾರಿ ಮರುಭೂಮಿ, ಮೇಲೆ ದನದ ಹಿಂಡು, ಕೆಳಗೆ ವಜ್ರ. ಐದು ವರ್ಷಕ್ಕೊಮ್ಮೆ ಚುನಾವಣೆ, ಗೆದ್ದ ಸಂಸದರು ಆರಿಸುವ ಅಧ್ಯಕ್ಷ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಬಂಗುಡೆ ಬೇರೆಯವರ ಚೀಲ ಸೇರಿರುತ್ತಿತ್ತು.

ಎಲ್ಲಕ್ಕಿಂತ ಅವರು ಮನಸೋತದ್ದು ಅಲ್ಲಿನ 'ಕ್ಗೋಟ್ಲಾ' ಎಂಬ ಊರಸಭೆಗೆ. ಅಲ್ಲಿ ಯಾರು ಬೇಕಾದರೂ ಮಾತಾಡಬಹುದು, ನಡುವೆ ಬಾಯಿ ಹಾಕುವಂತಿಲ್ಲ, ಮುಖಂಡನಾದವನು ಕೊನೆಗೆ ಸಭೆಯ ಮನಸ್ಸನ್ನೇ ತೀರ್ಪಾಗಿ ಹೇಳಬೇಕು. ಒಬ್ಬರ ಮಾತು ಮುಗಿಯುವ ಮೊದಲೇ ಮೂವರು ಉತ್ತರಿಸುವ ನಮ್ಮ ಸೀಮೆಯ ಮನೆಯಲ್ಲಿ ಅದನ್ನು ನಡೆಸಹೊರಟ ಈ ಪುಣ್ಯಾತ್ಮರ ಧೈರ್ಯಕ್ಕೆ ಏನೆನ್ನಬೇಕು! ಸಂಜೆಯ ಸಾರು ಯಾವುದೆಂಬುದಕ್ಕೂ ಚಾವಡಿಯಲ್ಲಿ ಸಭೆ.

ಗ್ಯಾಬರೋನಿನ ಧಣಿ ಮತ್ತೆ ಕೆಲಸಕ್ಕೆ ಕರೆದಾಗಲೂ ಶೆಟ್ಟರು ಸಭೆ ಸೇರಿಸಿದರು. ಹೋಗುವ ಆಸೆ ಅವರಿಗೆ ಕಂಠಮಟ್ಟ ಇತ್ತು. ಮನೆಯವರು ಎಂದೂ ಬೇಡವೆಂದವರಲ್ಲ, ಈಗಲೂ ಅನ್ನಲಾರರೆಂಬ ನಂಬಿಕೆ. ಮಗಳು ಅನ್ವಿತಾ ಅಮ್ಮನ ಮುಖ ನೋಡಿದಳು. ಹೆಂಡತಿ ಪ್ರಭಾವತಿಯಮ್ಮ ಸೆರಗಿಗೆ ಕೈಯೊರೆಸಿಕೊಂಡು ಕುಳಿತರು.

"ಆ ದೇಶ ನಂಗೆ ಬಾಯಿಪಾಠ ಆಯ್ತ್. ಗುರ್ತ ಇಲ್ದೆ ಇಪ್ಪುದ್ ನಿಮ್ದೊಂದೇ. ಇನ್ನ್ ಹೋಪುದ್ ಬೇಡ."

ನಡುವೆ ಬಾಯಿ ಹಾಕುವಂತಿರಲಿಲ್ಲ, ನಿಯಮ ಅವರದ್ದೇ. ಶೆಟ್ಟರ ಕಣ್ಣು ತುಂಬಿತು. "ಸಭೆ ಹೇಳಿದ್ದೇ ಸೈ. ನಾನ್ ಹೋತಿಲ್ಲೆ" ಎಂದು, ಕುಳಿತಲ್ಲಿಂದಲೇ ಧಣಿಗೆ ಫೋನು ಮಾಡಿದರು.

ಪರದೇಶದಿಂದ ಮರಳಿದವರು ಅಲ್ಲಿನ ಹಿರಿಮೆ ಕೊಚ್ಚುವುದನ್ನು ಕೇಳಿ ಕೇಳಿ ನಾವು ಬೇಸತ್ತಿದ್ದೇವೆ, ನಿಜ. ಆದರೆ ದೂರದ ನೆಲದಿಂದ ಒಂದು ಒಳ್ಳೆಯ ನೀತಿಯನ್ನು ಹೊತ್ತು ತಂದು, ಅದರ ಪೆಟ್ಟನ್ನು ತಾವೇ ತಿಂದು, ಮರುದಿನವೂ ಅದನ್ನೇ ಹೊಗಳುವವರಿದ್ದಾರಲ್ಲ, ಅವರ ಮಾತು ಎಷ್ಟು ಉದ್ದವಾದರೂ ಕೂತು ಕೇಳಬೇಕು.