ಮಾರ್ಚ್ ಹದಿನೇಳು, ಸ್ಥಳೀಯ ರಜೆ

ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ವರ್ಷಕ್ಕೆ ಎಂಟು ಸಾರ್ವತ್ರಿಕ ರಜೆ. ಏಳು ಸರಕಾರದ್ದು. ಎಂಟನೆಯದನ್ನು ಮಾಲೀಕರೂ ಕೆಲಸಗಾರರೂ ಕೂಡಿ ಆರಿಸಿಕೊಳ್ಳಬೇಕು. ಡಿಸೆಂಬರಿನಲ್ಲಿ ಪಟ್ಟಿ ಟೈಪು ಮಾಡಿ ಬಾಗಿಲ ಪಕ್ಕ ಅಂಟಿಸುವುದು ಗುಮಾಸ್ತನಾದ ನನ್ನ ಕೆಲಸ. ವರ್ಷವಿಡೀ ನಾನು ಅಂಟಿಸುವ ಕಾಗದಗಳಲ್ಲಿ ಜನ ನಿಂತು ಓದುವುದು ಅದೊಂದನ್ನೇ. ಯಾವುದಾದರೂ ರಜೆ ಭಾನುವಾರದ ಮೇಲೆ ಬಿದ್ದಿದ್ದರೆ ಹತ್ತಿರದ ಬಂಧು ಹೋದಷ್ಟೇ ಮರುಗುತ್ತಾರೆ.

ಎಂಟನೆಯ ರಜೆ ಹದಿನಾಲ್ಕು ವರ್ಷ ಮಾರ್ಚ್ ಹದಿನೇಳೇ ಆಗಿತ್ತು. ಅದರ ಎದುರಿಗೆ ‘ಸ್ಥಳೀಯ ರಜೆ’ ಎಂದಷ್ಟೇ ಇರುತ್ತಿತ್ತು. ಹೊಸದಾಗಿ ಸೇರಿದವರು ಅದೇನೆಂದು ಒಮ್ಮೆ ಕೇಳುತ್ತಿದ್ದರು, ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ, ಅವರು ಸುಮ್ಮನಾಗುತ್ತಿದ್ದರು. ಸಿಕ್ಕ ರಜೆಯ ಬುಡ ಕೆದಕುವಷ್ಟು ದಡ್ಡರು ನಮ್ಮಲ್ಲಿ ಯಾರೂ ಇಲ್ಲ.

ಕಾರಣ ಒಬ್ಬ ಮನುಷ್ಯ. ಅವನನ್ನು ನಾವು ಮಂತ್ರಿ ಎನ್ನುತ್ತಿದ್ದೆವು. ರಟ್ಟಿನ ಕಟ್ಟುಗಳನ್ನು ಕೆಳಗಿನಿಂದ ಮಹಡಿಗೆ ಏರಿಸಲು ನಮ್ಮಲ್ಲಿ ಒಂದು ಸಾಮಾನಿನ ಲಿಫ್ಟ್ ಇದೆ. ಬಾಗಿಲಿಲ್ಲ, ಗೋಡೆಯಿಲ್ಲ, ನಾಲ್ಕು ಹಗ್ಗಕ್ಕೆ ತೂಗುಹಾಕಿದ ಒಂದು ಹಲಗೆ. ಎಲ್ಲರೂ ಅದನ್ನು ತೊಟ್ಟಿಲು ಎನ್ನುತ್ತಾರೆ. ಜನ ಹತ್ತಬಾರದು ಎಂದು ಕೆಂಪಕ್ಷರದಲ್ಲಿ ಬರೆದವನು ನಾನೇ. ಆ ಬೋರ್ಡಿನ ಮುಂದೆಯೇ ಮಂತ್ರಿ ಪ್ರತಿದಿನ ಬೆಳಿಗ್ಗೆ ಹತ್ತೂಕಾಲಿನ ಮೊದಲ ಕಟ್ಟಿನ ಜೊತೆ ತೊಟ್ಟಿಲು ಹತ್ತಿ, ಎದೆ ಸೆಟೆಸಿ, ಕೆಳಗಿನವರಿಗೆಲ್ಲ ಸಲಾಮು ಹೊಡೆಯುತ್ತ ಮೇಲಕ್ಕೆ ಹೋಗುತ್ತಿದ್ದ. ಒಂದೊಂದು ದಿನ ಆಶ್ವಾಸನೆಗಳನ್ನೂ ಕೊಡುತ್ತಿದ್ದ. ದೊಡ್ಡ ಯಜಮಾನರು ಬಯ್ಯಲು ಬಂದು ನಕ್ಕು ಹೋಗಿದ್ದುಂಟು. ಹದಿನೈದು ವರ್ಷದ ಹಿಂದೆ, ಮಾರ್ಚ್ ಹದಿನೇಳರಂದು ಒಂದು ಹಗ್ಗ ಕಿತ್ತುಕೊಂಡಿತು. ಕೈ ಹಣೆಯ ಮೇಲಿದ್ದಾಗಲೇ ಬಿದ್ದ.

ಅವನ ಹೆಂಡತಿಗೆ ಯಜಮಾನರು ಕೆಲಸ ಕೊಟ್ಟರು. ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಗೋಂದಿನ ಡಬ್ಬಿಯ ಮುಂದೆ ಕೂತು ಕೂತು ಅವಳು ಎಲ್ಲರ ಗೋಂದಕ್ಕ ಆದಳು. ಮೊದಲ ಡಿಸೆಂಬರಿನಲ್ಲಿ ಯಜಮಾನರು ಅವಳನ್ನು ಕರೆಸಿ, ಆ ದಿನ ಇನ್ನು ಮೇಲೆ ಕಾರ್ಖಾನೆ ಮುಚ್ಚಿರುತ್ತದೆ, ಪಟ್ಟಿಯಲ್ಲಿ ಅವನ ಹೆಸರು ಹಾಕೋಣವೇ ಎಂದು ಕೇಳಿದರು. ನಾನು ಟೈಪ್‌ರೈಟರಿನ ಮೇಲೆ ಬೆರಳಿಟ್ಟುಕೊಂಡು ಕಾದೆ.

‘ಏನೂ ಹಾಕ್ಬೇಡಿ’ ಎಂದಳು. ‘ಹೆಸರು ಕಂಡ್ರೆ ಹೆಂಗೆ ಸತ್ತ ಅಂತ ಕೇಳ್ತಾರೆ. ಹೇಳಿದ್ರೆ ನಗ್ತಾರೆ.’

ಅಲ್ಲಿಂದ ಪ್ರತಿವರ್ಷ ಆ ದಿನ ಯಜಮಾನರು ಪಕ್ಕದ ಬಾಗಿಲು ತೆಗೆಸಿಕೊಡುತ್ತಿದ್ದರು. ಅವಳು ಒಂದು ಒದ್ದೆ ಬಟ್ಟೆ ಹಿಡಿದು ಬಂದು ತೊಟ್ಟಿಲಿನ ಹಲಗೆ ಒರೆಸಿ, ಅದರ ಅಂಚಿನಲ್ಲಿ ಅರ್ಧ ಗಂಟೆ ಕೂತು, ಎದ್ದು ಹೋಗುತ್ತಿದ್ದಳು. ನಮ್ಮ ಕಾರ್ಖಾನೆ ಸದ್ದಿಲ್ಲದೆ ಹೇಗಿರುತ್ತದೆ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ರಟ್ಟಿನ ಧೂಳು ಯಾರನ್ನೂ ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ. ಆಗಿನವರು ಒಬ್ಬೊಬ್ಬರಾಗಿ ಬಿಟ್ಟರು, ಕೆಲವರು ಊರನ್ನು, ಕೆಲವರು ಲೋಕವನ್ನು. ಹೋದ ವರ್ಷ ದೊಡ್ಡ ಯಜಮಾನರೂ ತೀರಿಕೊಂಡರು. ಉಳಿದದ್ದು ಗೋಂದಕ್ಕ ಮತ್ತು ನಾನು. ಅಪಘಾತದ ಕಾಲಕ್ಕೆ ಹಾಸ್ಟೆಲಿನಲ್ಲಿದ್ದ ಮಗ ಈಗ ಚಿಕ್ಕ ಯಜಮಾನರು. ಹಿಂದೆ ಏನೋ ಆಗಿತ್ತೆಂದು ಅವರು ಕೇಳಿದ್ದರು, ಯಾವತ್ತು ಎಂದು ಯಾರೂ ಹೇಳಿರಲಿಲ್ಲ. ಒಳ್ಳೆಯ ಹುಡುಗ. ಬಂದ ತಿಂಗಳೇ ತೊಟ್ಟಿಲಿಗೆ ಉಕ್ಕಿನ ಹಗ್ಗ ಹಾಕಿಸಿದರು.

ಹೋದ ಡಿಸೆಂಬರಿನಲ್ಲಿ ಅವರು ಹದಿನೈದು ಮಂದಿಯನ್ನೂ ಕೆಳಗಿನ ಅಂಗಳದಲ್ಲಿ ಸೇರಿಸಿದರು. ಬರುವ ಮಾರ್ಚ್ ಹದಿನೇಳು ಬುಧವಾರ ಬಿದ್ದಿದೆ, ವಾರದ ನಡುವಿನ ಒಂಟಿ ರಜೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ, ಯಾರಿಗೂ ಉಪಯೋಗವಿಲ್ಲ ಎಂದರು. ಮೇ ಒಂದು, ಕಾರ್ಮಿಕರ ದಿನ, ಶನಿವಾರ, ಮರುದಿನ ಭಾನುವಾರ, ಎಂಟನೆಯ ರಜೆಯನ್ನು ಸೋಮವಾರಕ್ಕೆ ತಂದರೆ ಮೂರು ದಿನ ಒಟ್ಟಿಗೆ. ಜನರ ಮುಖ ಅರಳಿತು. ಕತ್ತರಿಸುವ ಯಂತ್ರದವನು, ಮೂರು ದಿನ ಮನೆಯಲ್ಲಿದ್ದರೆ ಹೆಂಡತಿಯೇ ತನ್ನನ್ನು ವಾಪಸು ತಂದು ಬಿಟ್ಟು ಹೋಗುತ್ತಾಳೆಂದ. ನಗು ನಿಂತ ಮೇಲೆ ಚಿಕ್ಕ ಯಜಮಾನರು ಕೇಳಿದರು: ‘ಮಾರ್ಚಿಂದು ಯಾಕೆ ಅಂತ ಯಾರಿಗಾದ್ರೂ ಗೊತ್ತಾ? ಮುಖ್ಯವಾದ್ದಾದ್ರೆ ಬಿಡೋಣ.’

ಇಷ್ಟು ನೇರವಾದ ಪ್ರಶ್ನೆಯನ್ನು ಮಾಲೀಕರು ಕೇಳುವುದು ಅಪರೂಪ. ನಾನು ಗೋಂದಕ್ಕನ ಕಡೆ ನೋಡಿದೆ. ಬೇಡವೆಂದವಳು ಅವಳು, ಬಾಯಿ ಬಿಡಬೇಕಾದರೆ ಅವಳೇ ಬಿಡಲಿ ಎಂಬುದು ನನ್ನ ನ್ಯಾಯ. ಅವಳೂ ನನ್ನನ್ನೇ ನೋಡುತ್ತಿದ್ದಳು. ನನಗೆ ಹನ್ನೆರಡು ಗಂಟೆಯ ರೈಲು ಪ್ರಯಾಣದ ದೂರದಲ್ಲಿ ಮಗಳ ಮನೆಯಿದೆ, ಮೂರು ದಿನ ಸಿಕ್ಕರೆ ಮೊಮ್ಮಗಳನ್ನು ನೋಡಿ ಬರಬಹುದು ಎಂಬ ಲೆಕ್ಕವೂ ಆ ನ್ಯಾಯದ ಬೆನ್ನಿಗೆ ಅಂಟಿಕೊಂಡಿತ್ತು.

ಕೈ ಎತ್ತಿ ಎಂದರು. ಹದಿಮೂರು ಕೈ ಎದ್ದವು. ಹದಿನಾಲ್ಕನೆಯದು ನನ್ನದು. ಅದನ್ನು ನೋಡಿದ ಮೇಲೆ ಗೋಂದಕ್ಕ ಬೆರಳಿನ ಗೋಂದನ್ನು ಸೆರಗಿಗೆ ಒರೆಸಿಕೊಂಡು ತನ್ನದನ್ನೂ ಎತ್ತಿದಳು. ಸರ್ವಾನುಮತ ಎಂದು ಬರೆದುಕೊಂಡೆ.

ಮಾರ್ಚ್ ಹದಿನೇಳರಂದು ಅವಳು ಎಂದಿನಂತೆ ಎಂಟೂವರೆಗೆ ಬಂದಳು. ಹತ್ತೂಕಾಲಿಗೆ ಎದ್ದು, ಒದ್ದೆ ಬಟ್ಟೆ ಹಿಡಿದುಕೊಂಡು ತೊಟ್ಟಿಲಿನ ಹತ್ತಿರ ಹೋದಳು. ಹಲಗೆಯ ತುಂಬ ರಟ್ಟಿನ ಕಟ್ಟು. ಒರೆಸಲು ಜಾಗವೇ ಇರಲಿಲ್ಲ. ಲಿಫ್ಟಿನ ಗುಂಡಿ ಒತ್ತಲು ನಿಂತಿದ್ದವನು, ‘ಸ್ವಲ್ಪ ಈ ಕಡೆ ಬಾಕ್ಕ, ಏಟು ಬಿದ್ದಾತು’ ಎಂದ. ಪ್ರೀತಿಯಿಂದಲೇ ಹೇಳಿದ. ಅವಳು ಈ ಕಡೆ ಬಂದಳು. ತೊಟ್ಟಿಲು ಮೇಲೆ ಹೋಯಿತು. ಅವಳು ಮೇಲಿನ ಮಹಡಿಯ ಅಂಚಿನವರೆಗೂ ಅದನ್ನೇ ನೋಡಿ, ಮತ್ತೆ ಗೋಂದಿನ ಡಬ್ಬಿಗೆ ಹೋಗಿ ಕೂತಳು. ಆ ದಿನ ಒಂದು ರಾಶಿ ಚೀಟಿಗಳು ತಲೆಕೆಳಗಾಗಿ ಅಂಟಿದ್ದವು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

ಊಟದ ಹೊತ್ತಿಗೆ ಅವಳ ಪಕ್ಕ ಹೋಗಿ ಕೂತೆ. ಊಟದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ.

‘ನೀವು ಹೇಳ್ತೀರ ಅಂದ್ಕೊಂಡಿದ್ದೆ ಅಣ್ಣ’ ಎಂದಳು.

‘ನೀನೇ ಬೇಡ ಅಂದಿದ್ಯಲ್ಲಮ್ಮ.’

‘ಅಂದಿದ್ದೆ. ಆವಾಗ ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ಅಂದಿದ್ದೆ.’

ಈಗಲೇ ಚಿಕ್ಕ ಯಜಮಾನರಿಗೆ ಹೇಳುತ್ತೇನೆ, ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಸಮೇತ ಹಾಕುತ್ತೇನೆ ಎಂದೆ. ನಿಜಕ್ಕೂ ಎದ್ದೂ ನಿಂತಿದ್ದೆ. ಅವಳು ನನ್ನ ಅಂಗಿಯ ತೋಳು ಹಿಡಿದು ಕೂರಿಸಿದಳು.

‘ಬೇಡ. ಈಗ ಹೇಳಿದ್ರೆ ಇವರಿಗೆಲ್ಲ ಇವತ್ತು ಸತ್ತ ಹಾಗೆ ಆಗುತ್ತೆ. ಬಂದು ಬಂದು ಕೇಳ್ತಾರೆ. ನಾನು ಮತ್ತೆ ಮೊದಲಿಂದ ಹೇಳ್ಬೇಕು.’ ಊಟದ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ‘ಆ ಹುಡುಗನೂ ಪಾಪ, ಕೇಳಿ ನೊಂದ್ಕೋತಾರೆ’ ಎಂದಳು. ಡಬ್ಬಿ ತೆರೆದಳು. ಗಂಟೆ ಹೊಡೆಯಿತು. ಮುಚ್ಚಿದಳು.

ಮೇ ತಿಂಗಳ ಆ ಸೋಮವಾರ ನಾನು ಮಗಳ ಮನೆಯಲ್ಲಿದ್ದೆ. ಅವರ ಕಡೆ ಶಾಲೆಗಳಿಗೆ ಬೇಸಿಗೆ ರಜೆ ಇನ್ನೂ ಶುರುವಾಗಿರಲಿಲ್ಲ. ಮೊಮ್ಮಗಳು ಶಾಲೆಯಿಂದ ಬಂದವಳು, ತನಗಿಲ್ಲದ ರಜೆ ನನಗೆ ಹೇಗೆ ಬಂತೆಂದು ಪಟ್ಟು ಹಿಡಿದಳು. ಸ್ಥಳೀಯ ರಜೆ ಎಂದೆ. ಕನ್ನಡಕ ಒರೆಸಿಕೊಂಡೆ. ದೊಡ್ಡವರಿಗೆ ಸಾಕಾಗುವುದು ಮಕ್ಕಳಿಗೆ ಸಾಕಾಗುವುದಿಲ್ಲ. ಹಾಗಾಗಿ ನನ್ನ ಆಯುಷ್ಯದಲ್ಲಿ ಮೊದಲ ಸಲ ಮಂತ್ರಿಯ ಕತೆ ಹೇಳಿದೆ. ಕೆಂಪಕ್ಷರದ ಬೋರ್ಡು, ತೊಟ್ಟಿಲು, ಸೆಟೆದ ಎದೆ, ಆಶ್ವಾಸನೆಗಳು. ಎದ್ದು ನಿಂತು ಸಲಾಮು ಹೊಡೆದೂ ತೋರಿಸಿದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಡುಗೆಮನೆಯಿಂದ ಮಗಳೂ ನಕ್ಕಳು.

‘ಆಮೇಲೆ ತಾತ?’

ನನ್ನ ಕೈ ಇನ್ನೂ ಹಣೆಯ ಮೇಲೇ ಇತ್ತು.

‘ಆಮೇಲೆ ಮಹಡಿಗೆ ಹೋಗಿ ಇಳ್ಕೊಂಡ’ ಎಂದೆ.