ಮಂಚ ಹಾಕುವ ಜಾಗ

ಸ್ವಂತ ಮನೆ ಕಟ್ಟಿಸಿ ಅದರಲ್ಲೇ ಹೋಗಿ ಇರುವವರನ್ನು ಕಂಡರೆ ರಾಜೇಸಾಬನಿಗೆ ನಗು. "ಮನಿ ದುಡೀಬೇಕು ಬೇ. ನಾವು ಅದರಾಗ ಮಲಗಿದ್ರ ಅದೂ ನಮ್ಮ ಜೋಡಿ ಮಲಗ್ತದ," ಎಂದು ಹೆಂಡತಿ ಬದರುನ್ನಿಸಾಳಿಗೆ ಪಾಠ ಹೇಳುತ್ತಿದ್ದ. ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದೆ ಪಂಪಿನ ಮೋಟರು ರಿಪೇರಿ ಮಾಡುವ ಸಣ್ಣ ಅಂಗಡಿ ಅವನದು. ವರ್ಷಗಟ್ಟಲೆ ದುಡಿದು ಶಹಾಪುರ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವನು, ಹೊಸ ಮನೆಯಲ್ಲಿ ಖುರಾನ್ ಓದಿಸಿದ ಮರುದಿನವೇ ಬೀಗದ ಕೈಯನ್ನು ಬಾಡಿಗೆಗೆ ಬಂದ ಗೊಬ್ಬರದಂಗಡಿಯ ಹರಿಗೆ ಕೊಟ್ಟುಬಿಟ್ಟ. ತಾನು ಹೆಂಡತಿ ಮಗಳೊಂದಿಗೆ ಹಳೆಯ ಓಣಿಯಲ್ಲಿ, ಲಾಡ್ಲೆಸಾಬನ ಎರಡು ಬಾಡಿಗೆ ಖೋಲಿಗಳಲ್ಲೇ ಉಳಿದ. ಇಲ್ಲಿ ಕೊಡುವುದು ಕಡಿಮೆ, ಅಲ್ಲಿಂದ ಬರುವುದು ಹೆಚ್ಚು. ಇದಕ್ಕಿಂತ ಶಾಣ್ಯಾತನ ಬೇಕೇ?

ಸುಳ್ಳು ಯಾಕೆ ಹೇಳಬೇಕು, ಅವನ ಲೆಕ್ಕ ತಪ್ಪಲಿಲ್ಲ. ಆ ಬಾಡಿಗೆಯಲ್ಲೇ ಮಗಳು ಶಾಹೀನ ಓದಿ ಅಫಜಲಪುರದಲ್ಲಿ ಟೀಚರಾದಳು. ಯಾರ ಮುಂದೆಯೂ ಕೈಚಾಚದೆ ಅವಳ ನಿಕಾಹ್ ಆಯಿತು. ಅಂಗಡಿಗೆ ಕೆಲಸ ಬಾರದ ತಿಂಗಳೂ ಮನೆಯ ಒಲೆ ಆರಲಿಲ್ಲ.

ಆದರೆ ಬದರುನ್ನಿಸಾಳ ಜೀವವೆಲ್ಲ ಆ ಮನೆಯಲ್ಲಿತ್ತು. ಕಟ್ಟುವಾಗ ದಿನಾ ಹೋಗಿ ನಿಂತು, ಮೇಸ್ತ್ರಿ ಎಷ್ಟೇ ಗೊಣಗಿದರೂ ಕೇಳದೆ, ಮುಂದಿನ ಖೋಲಿಯ ಕಿಟಕಿಯನ್ನು ಒಂದು ಗೇಣು ಕೆಳಗೆ ಇಡಿಸಿದ್ದಳು. ಮಂಚದ ಮೇಲೆ ಮಲಗಿದವರಿಗೆ ಹೊರಗಿನ ಬೇವಿನ ಮರ ಕಾಣಬೇಕು ಎಂದು ಅವಳ ಹಟ. ಹಸಿ ನೆಲದ ಮೇಲೆ ಇದ್ದಲಿನಿಂದ ಗೆರೆ ಎಳೆದು, ಇಲ್ಲಿ ನಮ್ಮ ಮಂಚ ಎಂದಿದ್ದಳು. ಯಾವಾಗ ಹೋಗುವುದು ಎಂದು ಕೇಳಿದರೆ ರಾಜೇಸಾಬ, "ಶಾಹೀನ ಓದು ಮುಗೀಲಿ," ಎನ್ನುತ್ತಿದ್ದ. ಓದು ಮುಗಿದ ಮೇಲೆ, "ಮದುವಿ ಆಗ್ಲಿ," ಎಂದ. ಮದುವೆಯಾದ ಮೇಲೆ, "ಬರೋ ವರ್ಷ ಖರೇನ," ಎಂದ. ಅವಳು ಮಾತು ಬಿಟ್ಟು ನೋಡಿದಳು, ಊಟ ಬಿಟ್ಟು ನೋಡಿದಳು. ಪುಣ್ಯಾತ್ಮ ಜಗ್ಗಲಿಲ್ಲ.

ಹೋದ ಚಳಿಗಾಲದಲ್ಲಿ ರಾಜೇಸಾಬನ ಹೊಟ್ಟೆಯೊಳಗೆ ಗಂಟು ಬೆಳೆದಿದೆ ಎಂದು ಗೊತ್ತಾಯಿತು. ಕಲಬುರಗಿಯ ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು.

"ಈಗರ ನಮ್ಮ ಮನಿಗೆ ಹೋಗೋಣ್ರಿ," ಎಂದಳು ಬದರುನ್ನಿಸಾ. "ಮಂದಿ ಸೂರಿನ ಕೆಳಗ ನಿಮ್ಮನ್ನ..."

ರಾಜೇಸಾಬ ಗೋಡೆಯ ಕಡೆ ಮುಖ ಮಾಡಿದ. "ಹರಿ ಮಗಳದು ಹತ್ತನೇ ಪರೀಕ್ಷೆ ಅದ. ನಡುವ ಹೆಂಗ ಎಬ್ಬಸೋದು? ಮುಗೀಲಿ, ಹೋಗೋಣ. ಹರಿಗೂ ಹೇಳೇನಿ."

ಪರೀಕ್ಷೆ ಶುರುವಾಗುವ ಮೊದಲೇ ಅವನು ಹೋದ. ಲಾಡ್ಲೆಸಾಬನ ಮನೆಯ ಬಾಗಿಲು ಇಕ್ಕಟ್ಟು. ಜನಾಜಾ ಹೊತ್ತವರು ತಿರುಗಿಸಲಾಗದೆ ಓರೆ ಮಾಡಿ ಹೊರಗೆ ತಂದರು. ತನ್ನ ಮನೆಗೆ ಅಗಲದ ಬಾಗಿಲು ಇಡಿಸಿದ್ದು ಆ ಹೊತ್ತಿನಲ್ಲಿ ಬದರುನ್ನಿಸಾಳಿಗೆ ನೆನಪಾಯಿತು. ಅಳು ಉಕ್ಕಿ ಬಂತು.

ಗಂಡನೊಂದಿಗೆ ಇದ್ದ ಮನೆಯಲ್ಲೇ ಹೆಂಡತಿ ಇದ್ದತ್ ಮುಗಿಸಬೇಕು, ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಹೀಗಾಗಿ ಸ್ವಂತ ಮನೆಯಿದ್ದವಳು ಬಾಡಿಗೆ ಖೋಲಿಯಲ್ಲೇ ಕೂತಳು. ಹರಿ ತಪ್ಪದೆ ಬಾಡಿಗೆ ತಂದು, ಅವಳಿಗೆ ತಲುಪಿಸಲು ಲಾಡ್ಲೆಸಾಬನ ಕೈಗೆ ಕೊಟ್ಟು ಹೋಗುತ್ತಿದ್ದ. "ಹೋದ ಮ್ಯಾಲೂ ನಿಮ್ಮವರು ದುಡದು ಹಾಕಾಕತ್ತಾರ ನೋಡ್ರಿ," ಎಂದು ನೆರೆಯವರು ಹೊಗಳಿದರು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಸತ್ತವನ ಮೇಲೆ ಸಿಟ್ಟು ಮಾಡಬಾರದು ಎಂದುಕೊಳ್ಳುತ್ತಲೇ ಸಿಟ್ಟು ಮಾಡುತ್ತಿದ್ದಳು.

ಇದ್ದತ್ ಮುಗಿದ ಮರುದಿನ ಶಾಹೀನಳನ್ನು ಕರೆದುಕೊಂಡು ಆಟೋ ಹತ್ತಿದಳು. ಇವತ್ತು ಮನೆ ಬಿಡಿ ಎಂದು ಹೇಳಿಯೇ ಬರುವುದೆಂದು ಗಟ್ಟಿ ಮನಸ್ಸು ಮಾಡಿದ್ದಳು.

ಹರಿಯ ಹೆಂಡತಿ ನರ್ಮದಾ ಕೈಹಿಡಿದು ಒಳಗೆ ಕರೆದಳು. ಬದರುನ್ನಿಸಾಳ ಕಣ್ಣು ನೇರ ಕಿಟಕಿಯ ಕೆಳಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ, ಒಂದು ಚಾಪೆ ಮಾತ್ರ ಹಾಸಿತ್ತು.

"ಅಲ್ಲಿ ನಮ್ಮ ಮಂಚ ಇತ್ರಿ ಕಾಕಿ," ಎಂದಳು ನರ್ಮದಾ. "ಕಾಕಾರು ಹೋದ ಮ್ಯಾಲ ಅಲ್ಲಿ ಮಲಗಾಕ ಮನಸಾಗಲಿಲ್ಲ. ತಗದೀವಿ."

"ಅವರಿಗೂ ಆ ಜಾಗಕ್ಕೂ ಏನ್ ಸಂಬಂಧವ್ವಾ?"

ನರ್ಮದಾ ತಲೆ ತಗ್ಗಿಸಿದಳು. "ಒಂದಿನ ಮಧ್ಯಾಹ್ನ ಆಟೋದಾಗ ಕಾಕಾರು ಒಬ್ಬರ ಬಂದಿದ್ರು. ನಿಲ್ಲಾಕ ತ್ರಾಣ ಇರಲಿಲ್ಲ. ಇಲ್ಲಿ ಒಂದೀಟು ಅಡ್ಡಾಗಲೇನವ್ವಾ ಅಂತ ನನ್ನ ಕೇಳಿದ್ರು. ಮಸೀದ್ಯಾಗ ಸಂಜಿ ಅಸರ್ ಬಾಂಗ್ ಆಗೂತನ ಮರ ನೋಡಕೋತ ಮಲಗಿದ್ರು. ನಮ್ಮಾಕಿ ಕಿಟಕಿ ಬರೋಬ್ಬರಿ ಇಡಿಸ್ಯಾಳ ಅಂದ್ರು."

ಸೂಜಿ ಹಾಕಿಸಿಕೊಂಡು ಬರುತ್ತೇನೆ, ನೀನು ಬರಬೇಡ ಎಂದು ಗಂಡ ಹೋಗಿದ್ದ ಆ ದಿನ ಬದರುನ್ನಿಸಾಳಿಗೆ ನೆನಪಾಯಿತು. ಗಂಜಿ ಮಾಡಿ ಇಟ್ಟುಕೊಂಡು ಬಾಗಿಲಲ್ಲಿ ಕಾದಿದ್ದಳು.

"ನನ್ನ ಯಾಕ ಕರಕೊಂಡು ಬರಲಿಲ್ಲ?"

"ನಾನೂ ಕೇಳಿದೆರಿ. ಆಕಿ ಬಂದ್ರ ತಿರುಗಿ ಹೊರಡಂಗಿಲ್ಲ, ನಿಮ್ಮ ಹುಡುಗಿ ಪರೀಕ್ಷೆ ಕೆಡ್ತದ, ಹೇಳಬ್ಯಾಡ ಅಂದ್ರು." ನರ್ಮದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬ್ಯಾರೆ ಮನಿ ನೋಡೀವ್ರಿ. ಈ ತಿಂಗಳು ಖಾಲಿ ಮಾಡ್ತೀವಿ. ಕಾಕಾರಿಗೆ ಮಾತು ಕೊಟ್ಟೀವಲ್ಲ."

ಶಾಹೀನ ತಾಯಿಯ ಮುಖ ನೋಡಿದಳು. ಬದರುನ್ನಿಸಾಳಿಗೆ ಖಾಲಿ ಮಾಡಿಸುವ ಮಾತೇ ಮರೆತುಹೋಗಿತ್ತು. ಒಂದೇ ಒಂದು ಮಧ್ಯಾಹ್ನ ಇಬ್ಬರೂ ಕೂಡಿ ಇಲ್ಲಿ ಇರಬಹುದಿತ್ತಲ್ಲ ಎಂದುಕೊಂಡಳು. ಅವನೂ ಆಸೆಪಟ್ಟಿದ್ದ, ಆಸೆಪಟ್ಟು ಸ್ವಂತ ಮನೆಯಲ್ಲಿ ಅಪ್ಪಣೆ ಕೇಳಿ ಮಲಗಿ ಎದ್ದು ಹೋಗಿದ್ದ.

"ನಾನೂ ಒಂದೀಟು ಅಡ್ಡಾಗಲೇನವ್ವಾ?" ಎಂದು ಕೇಳಿದಳು.

ನರ್ಮದಾ ದಿಂಬು ತಂದಿಟ್ಟಳು. ಬದರುನ್ನಿಸಾ ಮಗ್ಗುಲಾಗಿ ಮಲಗಿದಳು. ಬೇವಿನ ಮರ ಪೂರ್ತಿ ಕಾಣುತ್ತಿತ್ತು, ಅವಳು ಅಂದುಕೊಂಡ ಹಾಗೆಯೇ.

ಬಾಂಗ್ ಆದ ಮೇಲೆ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. "ನೀವು ಖಾಲಿ ಮಾಡಬ್ಯಾಡ್ರಿ. ಇಲ್ಲಿ ಅವರು ಒಂದ ಮಧ್ಯಾಹ್ನ ಇದ್ರು. ಜನ್ಮ ಎಲ್ಲಾ ನನ್ನ ಜೋಡಿ ಇದ್ದದ್ದು ಆ ಓಣಿಯಾಗ."

ಅವಳು ಎದ್ದ ಚಾಪೆಯನ್ನು ಸುತ್ತಿಡಲು ಶಾಹೀನ ಬಗ್ಗಿದಳು. ಅಮ್ಮಿ ಮಲಗಿದ್ದು ಅರ್ಧ ಚಾಪೆಯ ಮೇಲೆ ಮಾತ್ರ, ಗೋಡೆಯ ಕಡೆಯ ಅರ್ಧವನ್ನು ಖಾಲಿ ಬಿಟ್ಟಿದ್ದಳು.