ಓಕೆ ಒತ್ತದ ವಸುಮತಿ

ಸಿಟ್ಟು ಬಂದರೆ ವಸುಮತಿಯ ದನಿ ಏರುವುದಿಲ್ಲ, ಇಳಿಯುತ್ತದೆ. ಇಳಿದಷ್ಟೂ ಎದುರಿನವರು ಹಿಂದೆ ಸರಿಯುತ್ತಾರೆ. ಕಾರ್ಖಾನೆಗಳ ಯಂತ್ರ ನಡೆಸುವ ಕಂಪ್ಯೂಟರು ಕೆಟ್ಟರೆ ಕರೆಸಿಕೊಳ್ಳುವುದು ಆಕೆಯನ್ನೇ. ಬಿರುಸು ನಡಿಗೆ, ತೋಳು ಮಡಚಿದ ಗಂಡಸರ ಖಾಕಿ ಅಂಗಿ, ಕೆಲಸ ಮುಗಿಯದೆ ಚಹಾ ಮುಟ್ಟದ ಹಟ.

ಬದಿಯಡ್ಕದಲ್ಲಿ ಸಮದ್ ಅವರ ಮರಗೆತ್ತನೆಯ ಕಾರ್ಖಾನೆಗೆ ಆಕೆ ಬರುವಷ್ಟರಲ್ಲಿ ಕೆಲಸಗಾರ ಕುಶಲ್‌ನ ಬೆರಳಿಗೆ ಹೊಲಿಗೆ ಬಿದ್ದಿತ್ತು. ಯಂತ್ರದ ಗಾಜಿನ ಬಾಗಿಲು ತೆರೆದೊಡನೆ ನಿಲ್ಲಬೇಕಾದ, ಮರ ಕೊರೆಯುವ ಕಟ್ಟರ್ ನಿಂತಿರಲಿಲ್ಲ.

"ಶುರು ಮಾಡುವಾಗ ಎಂತದೋ ಮೆಮೊರಿ ಸಾಲದು ಅಂತ ಬರ್ತದೆ ಅಕ್ಕ. ಓಕೆ ಒತ್ತಿದರೆ ಓಡ್ತದೆ," ಎಂದರು ಸಮದ್.

"ಒತ್ತಲಿಕ್ಕೆ ಹೇಳಿದ್ದು ಯಾರು?"

"ಯಂತ್ರ ಕೊಟ್ಟ ಕಂಪೆನಿಯವರೇ."

ಆಕೆ ಕಟ್ಟರಿನ ಕರೆಂಟು ಕಿತ್ತು ಕಂಪ್ಯೂಟರಿನ ಮುಂದೆ ಕೂತಳು. ತಂತ್ರಾಂಶದ ಹಲವು ಭಾಗಗಳು ಒಂದೇ ಸ್ಮೃತಿಯನ್ನು, ಅಂದರೆ ಮೆಮೊರಿಯನ್ನು, ಹಂಚಿಕೊಂಡು ದುಡಿಯುತ್ತವೆ. ಆ ಜಾಗಕ್ಕೊಂದು ಮಿತಿ. ಯಂತ್ರದೊಳಗಿನ ಕ್ಯಾಮೆರಾದ ಚಿತ್ರ ತೋರಿಸುವ ಭಾಗವೊಂದು ತೆರೆದಾಗಲೆಲ್ಲ ಆ ಜಾಗದ ಹೊಸ ತುಂಡನ್ನು ಹಿಡಿದು, ಮುಚ್ಚಿದಾಗ ಬಿಡದೆ ಹೋಗುತ್ತಿತ್ತು. ಕಂಪ್ಯೂಟರನ್ನು ಆಫ್ ಮಾಡುವ ರೂಢಿ ಅಲ್ಲಿರಲಿಲ್ಲವಾದ್ದರಿಂದ ಜಾಗ ತುಂಬಿತು. ಕೊನೆಗೆ ಶುರುವಾಗುವ ಭಾಗಕ್ಕೆ ಏನೂ ಸಿಗಲಿಲ್ಲ. ಬಾಗಿಲನ್ನು ಕಾಯಬೇಕಾಗಿದ್ದುದು ಆ ಭಾಗವೇ. ಓಕೆ ಒತ್ತಿದರೆ ಅದಿಲ್ಲದೆಯೂ ಯಂತ್ರ ಓಡುತ್ತಿತ್ತು.

ಕಂಪೆನಿಯ ಶಿವಸುಬ್ರಹ್ಮಣ್ಯ ಫೋನಿನಲ್ಲಿ, "ಮಿತಿ ಹೆಚ್ಚು ಮಾಡಿ ಮೇಡಂ, ಸರಿಯಾಗ್ತದೆ," ಎಂದ.

ಆಕೆಯ ದನಿ ಪಿಸುಮಾತಾಯಿತು. "ಇವತ್ತು ಹೋಗುವ ಬೆರಳು ಬರುವ ತಿಂಗಳು ಹೋಗ್ತದೆ, ಅಷ್ಟೆ. ಕಾವಲು ಇಲ್ಲದೆ ಯಂತ್ರ ಓಡಬಾರದು ಅಂತ ನಿಮಗೆ ಯಾರೂ ಕಲಿಸಲಿಲ್ಲವಾ?"

"ಮದುವೆ ಮನೆಯವರಿಗೆ ಕೊಡುವ ಬಾಗಿಲು ಕೆತ್ತಲಿಕ್ಕೆ ಬಾಕಿ ಉಂಟು. ಇವತ್ತೊಂದು ದಿನ ಓಡಿಸುವ," ಎಂದು ಸಮದ್ ಗೋಗರೆದರು.

"ಓಡಿಸಿ ಸಮದಣ್ಣ. ಕೈ ಮಾತ್ರ ನಿಮ್ಮದೇ ಹಾಕಿ."

ಸಮದ್ ಯಂತ್ರದಿಂದ ದೂರ ಸರಿದರು. ಕ್ಯಾಮೆರಾದ ಭಾಗವನ್ನು ಕಿತ್ತುಹಾಕಿ, ಸಿಕ್ಕಿಬಿದ್ದ ಜಾಗವನ್ನು ಬಿಡಿಸಿ, ಬಾಗಿಲು ಕಾಯುವ ಭಾಗ ಶುರುವಾಗದೆ ಕಟ್ಟರ್ ತಿರುಗದಂತೆ ಆಕೆ ಕಟ್ಟುಮಾಡಿದಳು. ಆಮೇಲೆ ಸ್ಮೃತಿಯನ್ನು ಬೇಕೆಂದೇ ತುಂಬಿಸಿ ನೋಡಿದಳು, ಯಂತ್ರ ಮಿಸುಕಲಿಲ್ಲ. ಜಾಗ ಬಿಡಿಸಿ ಮತ್ತೆ ಓಡಿಸಿ, ಬಾಗಿಲು ತೆರೆದಳು, ಕಟ್ಟರ್ ನಿಂತಿತು. ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡಿದ್ದ ಕುಶಲ್, "ಇನ್ನೊಮ್ಮೆ ತೋರಿಸಿ ಅಕ್ಕ," ಎಂದ. ತೋರಿಸಿದಳು.

ಸಿಟ್ಟು ಮಾತ್ರ ಇಳಿಯಲಿಲ್ಲ. ಶಿವಸುಬ್ರಹ್ಮಣ್ಯನಿಗೆ ಮತ್ತೆ ಫೋನು ಹಚ್ಚಿದಳು: "ಇಂಥ ಯಂತ್ರ ಇನ್ನೆಲ್ಲೆಲ್ಲಿ ಉಂಟು?" ಅವನು ಮಾತು ತಿರುಗಿಸಲು ನೋಡಿದ. "ನೀವು ಹೇಳುವವರೆಗೆ ಫೋನು ಇಡುವುದಿಲ್ಲ ನಾನು." ಒಂದೊಂದಾಗಿ ಊರುಗಳ ಹೆಸರೂ ಕಾರ್ಖಾನೆಗಳ ನಂಬರೂ ಹೊರಬಿದ್ದವು. ಆಕೆ ಅಲ್ಲೇ ನಿಂತು, ಒಂದೊಂದು ಕಡೆಗೂ ಕರೆಮಾಡಿ, ಯಂತ್ರ ನಿಲ್ಲಿಸಲು ಹೇಳಿದಳು.

ಇಂಥವರನ್ನು ಲೋಕ ಜಗಳಗಂಟರೆಂದು ದೂರವಿಡುತ್ತದೆ. ತಾವು ಕಾಣದ ಕೈಗಳಿಗಾಗಿ ಕೋಪಿಸಿಕೊಳ್ಳುವ ಈ ಜನ ಯಾರಿಗೂ ಹಿತವಲ್ಲ; ಅವರು ಕೋಪಿಸಿಕೊಂಡದ್ದರಿಂದಲೇ ಉಳಿದ ಕೈಗಳಿಗೆ, ತಾವು ಉಳಿದೆವೆಂಬುದು ಎಂದೂ ತಿಳಿಯುವುದಿಲ್ಲ.